ಆಹಾರದ ಅಭದ್ರತೆ ಮತ್ತು ಮಕ್ಕಳ ಆಸ್ತಮ: ನಂಟೆಷ್ಟು, ಕಾರಣವೆಷ್ಟು?

ಅಮೆರಿಕದ ನಗರಗಳಲ್ಲಿ ಬಡ ಕುಟುಂಬಗಳ ಮಕ್ಕಳನ್ನು ಆಸ್ತಮ ಹೆಚ್ಚಾಗಿ ಕಾಡುತ್ತದೆ ಎಂಬುದು ಬಹುಕಾಲದಿಂದ ತಿಳಿದ ಸಂಗತಿ. ಇದಕ್ಕೆ ಆಹಾರದ ಕೊರತೆಯೂ ಒಂದು ಕಾರಣವೇ? 2015ರಲ್ಲಿ ‘ಜರ್ನಲ್ ಆಫ್ ನ್ಯೂಟ್ರಿಷನ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧವೊಂದು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. 1998-99ರಲ್ಲಿ ಶಿಶುವಿಹಾರದಲ್ಲಿದ್ದ ಮಕ್ಕಳನ್ನು ಹಲವು ವರ್ಷ ಅನುಸರಿಸಿದ ರಾಷ್ಟ್ರೀಯ ಸಮೀಕ್ಷೆಯೇ ಅದಕ್ಕೆ ಆಧಾರ. ಆಹಾರದ ಅಭದ್ರತೆ ಇದ್ದ ಮನೆಗಳ ಮಕ್ಕಳಲ್ಲಿ ಆಸ್ತಮದ ಸಾಧ್ಯತೆ ಹೆಚ್ಚೆಂದು ಅದು ಕಂಡುಕೊಂಡಿತು. ಉಪಯುಕ್ತವಾದ ಕೆಲಸವಿದು. ಆದರೆ ಊಟ ಸಾಲದ್ದರಿಂದಲೇ ಆಸ್ತಮ ಬಂತೆಂದು ಇದನ್ನು ಓದಿಕೊಳ್ಳುವ ಮುನ್ನ ಕೆಲವು ಅಂಶಗಳನ್ನು ಪರಿಶೀಲಿಸಬೇಕು.

ಮೊದಲನೆಯದು, ಅಳೆದದ್ದು ಏನನ್ನು? ಅಮೆರಿಕದ ಕೃಷಿ ಇಲಾಖೆಯ ಪ್ರಶ್ನಾವಳಿಯಲ್ಲಿ ಮಕ್ಕಳಿರುವ ಮನೆಗಳಿಗೆ 18 ಪ್ರಶ್ನೆಗಳಿವೆ. ಕೈಗೆ ಹಣ ಬರುವ ಮೊದಲೇ ಆಹಾರ ಮುಗಿದೀತೆಂಬ ಚಿಂತೆ ಇತ್ತೇ, ಹಣವಿಲ್ಲದೆ ಊಟ ಬಿಟ್ಟದ್ದುಂಟೇ ಎಂಬಂಥ ಪ್ರಶ್ನೆಗಳಿವು. ಮೂರು ಅಥವಾ ಹೆಚ್ಚಿನವಕ್ಕೆ ‘ಹೌದು’ ಎಂದರೆ ಆ ಮನೆ ಅಭದ್ರವೆನಿಸುತ್ತದೆ. 2023ರಲ್ಲಿ ಮಕ್ಕಳಿರುವ ಮನೆಗಳ ಪೈಕಿ 17.9 ಶೇಕಡ ಅಭದ್ರವಾಗಿದ್ದವು. ಆದರೆ ಮಕ್ಕಳಿಗೂ ಕೊರತೆ ತಟ್ಟಿದ ಮನೆಗಳು 8.9 ಶೇಕಡ ಮಾತ್ರ. ಅಂದರೆ ಸುಮಾರು ಅರ್ಧದಷ್ಟು ಮನೆಗಳಲ್ಲಿ ಹಿರಿಯರು ತಾವು ಕಡಿಮೆ ಉಂಡು ಮಕ್ಕಳ ತಟ್ಟೆಯನ್ನು ಕಾಪಾಡಿರುತ್ತಾರೆ. ಈ ಅಳತೆಗೋಲು ತೋರಿಸುವುದು ಮನೆಯ ಹಣದ ಮುಗ್ಗಟ್ಟನ್ನು; ಮಗುವಿಗೆ ಸಿಕ್ಕ ಪೋಷಕಾಂಶಗಳನ್ನು ಇದು ಹೇಳಲಾರದು.

ಎರಡನೆಯದು, ಆಸ್ತಮದ ಮಾಹಿತಿ ಬಂದದ್ದು ತಂದೆತಾಯಿಯರ ಹೇಳಿಕೆಯಿಂದ. ವೈದ್ಯರನ್ನು ಕಾಣಲಾಗದ ಬಡ ಮಗುವಿನ ಉಬ್ಬಸ ಲೆಕ್ಕಕ್ಕೇ ಸಿಗದೆ ಹೋಗಬಹುದು. ಹಾಗಾದಲ್ಲಿ ನಿಜವಾದ ನಂಟು ಕಂಡದ್ದಕ್ಕಿಂತ ದೊಡ್ಡದಿದ್ದೀತು.

ಮೂರನೆಯದು ವಾಸದ ಮನೆ. 1997ರ ಒಂದು ಅಧ್ಯಯನದಲ್ಲಿ ನಗರಗಳ ಬಡ ಬಡಾವಣೆಗಳ 476 ಆಸ್ತಮ ಪೀಡಿತ ಮಕ್ಕಳನ್ನು ಪರೀಕ್ಷಿಸಲಾಯಿತು. ಸುಮಾರು ಅರ್ಧದಷ್ಟು ಮಲಗುವ ಕೋಣೆಗಳ ಧೂಳಿನಲ್ಲಿ ಜಿರಲೆಯ ಅಲರ್ಜಿಕಾರಕ ಅಧಿಕವಾಗಿತ್ತು. ಜಿರಲೆಗೆ ಅಲರ್ಜಿಯಿದ್ದು ಅಂಥ ಕೋಣೆಯಲ್ಲೇ ಮಲಗುತ್ತಿದ್ದ ಮಕ್ಕಳು ಉಳಿದವರಿಗಿಂತ ಮೂರು ಪಟ್ಟು ಹೆಚ್ಚು ಬಾರಿ ಆಸ್ಪತ್ರೆ ಸೇರಿದ್ದರು. 2004ರಲ್ಲಿ ಏಳು ನಗರಗಳ 937 ಮಕ್ಕಳ ಮನೆಗಳಲ್ಲಿ ನಡೆದ ಪ್ರಯೋಗವು ಅಲರ್ಜಿಕಾರಕಗಳನ್ನು ತಗ್ಗಿಸಿದರೆ ಉಬ್ಬಸದ ದಿನಗಳೂ ತಗ್ಗುತ್ತವೆಂದು ತೋರಿಸಿತು. ಇಂಥ ಮನೆಗಳಲ್ಲಿರುವವರಿಗೇ ಆಹಾರದ ಕೊರತೆಯೂ ಹೆಚ್ಚು. ಎರಡರ ಪರಿಣಾಮಗಳನ್ನು ಲೆಕ್ಕಾಚಾರದಿಂದ ಪೂರ್ತಿ ಬೇರ್ಪಡಿಸುವುದು ಕಷ್ಟ.

ಕಾರಣ ತಿರುಗುಮುರುಗಾಗಿಯೂ ಇರಬಹುದು. ಮಗುವಿಗೆ ಉಬ್ಬಸ ಬಂದ ದಿನ ತಾಯಿಯ ಕೂಲಿ ಹೋಗುತ್ತದೆ, ಔಷಧಿಗೆ ಹಣ ಬೇಕಾಗುತ್ತದೆ. ಕಡಿತ ಬೀಳುವುದು ಅಡುಗೆಮನೆಗೆ.

ಪೋಷಕಾಂಶವೊಂದನ್ನು ಕೊಟ್ಟು ನೋಡಿದ ಉದಾಹರಣೆಯೂ ಇದೆ. 2020ರಲ್ಲಿ ವರದಿಯಾದ ಪ್ರಯೋಗದಲ್ಲಿ ಆಸ್ತಮವಿದ್ದು ‘ಡಿ’ ಜೀವಸತ್ವ ಕಡಿಮೆಯಿದ್ದ 192 ಮಕ್ಕಳು ಭಾಗವಹಿಸಿದ್ದರು. ‘ಡಿ’ ಜೀವಸತ್ವ ಪಡೆದವರಲ್ಲಿ ತೀವ್ರ ಉಲ್ಬಣ ಮುಂದಕ್ಕೆ ಹೋಗಲಿಲ್ಲ. ಆಸ್ತಮ ಹುಟ್ಟುವುದನ್ನು ಅದು ತಡೆಯುತ್ತದೆಯೇ ಎಂಬುದಕ್ಕೆ ಇಲ್ಲಿ ಉತ್ತರವಿಲ್ಲ. ಆದರೂ ಒಂದು ಗುಳಿಗೆಯಿಂದ ಬಡತನದ ರೋಗ ನೀಗದೆಂಬ ಎಚ್ಚರಿಕೆ ಇದೆ.

ಮುಂದೇನು? ಆಹಾರ ನೆರವು ಪಡೆದ ಮತ್ತು ಪಡೆಯದ ಕುಟುಂಬಗಳನ್ನು ಹೋಲಿಸಿ, ಮಕ್ಕಳ ಶ್ವಾಸಕೋಶದ ಸಾಮರ್ಥ್ಯವನ್ನು ಉಪಕರಣದಿಂದ ಅಳೆಯುವ, ಮನೆಯ ಧೂಳನ್ನೂ ಪರೀಕ್ಷಿಸುವ ಅಧ್ಯಯನ ಬೇಕು. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕೃಷಿ ಇಲಾಖೆ ಆಹಾರ ಭದ್ರತೆಯ ವಾರ್ಷಿಕ ವರದಿಯನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಅಳತೆಗೋಲಿನಲ್ಲಿ ದೋಷವಿದ್ದರೆ ತಿದ್ದಬೇಕು. ಅಳೆಯುವುದನ್ನೇ ಬಿಟ್ಟರೆ ಪ್ರಶ್ನೆ ಕೇಳುವ ದಾರಿಯೂ ಮುಚ್ಚುತ್ತದೆ.

ಸಹಸಂಬಂಧಕ್ಕೂ ಕಾರ್ಯಕಾರಣ ಸಂಬಂಧಕ್ಕೂ ಇರುವ ವ್ಯತ್ಯಾಸವನ್ನು ಕಲಿಸಲು ಶಿಕ್ಷಕರಿಗೆ ಇದೊಂದು ಒಳ್ಳೆಯ ಪಾಠ. ಹಸಿದ ಮಗುವಿಗೆ ಊಟ ಕೊಡಲು ಆಸ್ತಮದ ಪುರಾವೆ ಬೇಕಿಲ್ಲ. ಆದರೆ ಊಟವೇ ಆಸ್ತಮಕ್ಕೆ ಮದ್ದೆಂದು ಹೇಳಿಬಿಟ್ಟರೆ ಜಿರಲೆ ತುಂಬಿದ ಕೋಣೆಯನ್ನು ದುರಸ್ತಿ ಮಾಡಬೇಕಾದವರು ನುಣುಚಿಕೊಳ್ಳುತ್ತಾರೆ.