ಟ್ರಂಕಿನಲ್ಲಿರುವ ಡೇಟಾಬೇಸ್

ಡೇಟಾಬೇಸ್ ಅಡ್ಮಿನ್ ಆಗಬೇಕೆಂದು ಹೊರಟ ಐನಾಪುರದ ಹುಡುಗಿಗೆ ಮೊದಲ ಪಠ್ಯ ಮನೆಯ ಟ್ರಂಕಿನಲ್ಲೇ ಇದೆ: ಹೊಲದ ಪಹಣಿ. ಸರ್ವೆ ನಂಬರ್, ಹಿಸ್ಸಾ ಸೇರಿದರೆ ಊರಿನಲ್ಲಿ ಅದೇ ಗುರುತಿನ ಇನ್ನೊಂದು ಹೊಲ ಸಿಗದು. ಪ್ರೈಮರಿ ಕೀ ಅಂದರೆ ಇಷ್ಟೇ. 9ನೇ ಕಾಲಂನಲ್ಲಿ ಮಾಲೀಕರು, 11ರಲ್ಲಿ ಬ್ಯಾಂಕಿನ ಬೋಜಾ, 12ರಲ್ಲಿ ಬೆಳೆ, ಅಂದರೆ ತೊಗರಿ.

ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು ಕರ್ನಾಟಕದ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಏರಿಸಿತು. ತಂತ್ರಾಂಶ ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿಯದು. ನನಗೆ ಹಿಡಿಸಿದ್ದು ಅದರ ಬಿಗಿ. ಪ್ರಿಂಟ್ ಯಾರು ಬೇಕಾದರೂ ಪಡೆಯಬಹುದು. ತಿದ್ದುವ ಸಿಬ್ಬಂದಿ ಮಾತ್ರ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ಮ್ಯುಟೇಶನ್ (ಹಕ್ಕು ಬದಲಾವಣೆ) ಅರ್ಜಿಗಳು ಬಂದ ಸರದಿಯಲ್ಲೇ ಸಾಗಬೇಕು. ಅನುಮತಿ, ಲಾಗಿನ್, ಸರದಿ ಎಲ್ಲ ಇಲ್ಲೇ ಕಲಿಯಬಹುದು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ರೈತನ ಚಪ್ಪಲಿ ಇಂದಿಗೂ ಸವೆಯುತ್ತದೆ, ಆ ಮಾತು ಬೇರೆ.