ಜಾಹೀರಾತಿಗೆ ಒಂದು ದಿನ, ದ್ವೇಷಕ್ಕೆ 14 ತಿಂಗಳು

ಕೋವಿಡ್ ಕಾಲದಲ್ಲಿ ಪ್ರಸಾರಕರ ಸಂಘಟನೆಗಳು ಹೊಣೆಯರಿತು ಮಾತಾಡಿದವು ಎಂದು ಹೊಗಳುವವರಿದ್ದಾರೆ. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಫೌಂಡೇಶನ್ 2020ರ ಮಾರ್ಚ್‌ನಲ್ಲಿ ಸೋನಿ ಪಲ್, ಸ್ಟಾರ್ ಉತ್ಸವ್, ಝೀ ಅನ್ಮೋಲ್, ಕಲರ್ಸ್ ರಿಶ್ತೇ ಚಾನೆಲ್‌ಗಳನ್ನು ಎರಡು ತಿಂಗಳು ಉಚಿತವಾಗಿ ಕೊಡುವುದಾಗಿ ಸಾರಿತು. ಒಳ್ಳೆಯ ಕೆಲಸವೇ. ನಾಲ್ಕೂ ಹಿಂದಿ ಮನರಂಜನೆಯವು ಎಂಬುದನ್ನಷ್ಟೇ ಗುರುತಿಸಿ ಮುಂದೆ ಹೋಗುತ್ತೇನೆ.

ಬಿಡದೆ ಓದಬೇಕಾದದ್ದು ನ್ಯೂಸ್ ಬ್ರಾಡ್‌ಕಾಸ್ಟರ್ಸ್ ಅಸೋಸಿಯೇಷನ್ ಏಪ್ರಿಲ್ 8ರಂದು ಕೊಟ್ಟ ಹೇಳಿಕೆ. ಕೊರೊನಾ ಮತ್ತು ಆರೋಗ್ಯದ ಸೂಚನೆಗಳನ್ನು ಬಿಟ್ಟು ಉಳಿದ ಸರ್ಕಾರಿ ಜಾಹೀರಾತುಗಳನ್ನು ಎರಡು ವರ್ಷ ನಿಲ್ಲಿಸಿ ಎಂದು ಸೋನಿಯಾ ಗಾಂಧಿ ಹಿಂದಿನ ದಿನ ಪ್ರಧಾನಿಗೆ ಬರೆದಿದ್ದರು. ಸಂಘ ಮರುದಿನವೇ ಅದನ್ನು ಖಂಡಿಸಿತು. ಪತ್ರಕರ್ತರು ಜೀವದ ಹಂಗು ತೊರೆದು ದುಡಿಯುವಾಗ ಇಂಥ ಸಲಹೆ ಅವರ ಧೈರ್ಯ ಕುಂದಿಸುತ್ತದೆ ಎಂಬುದು ಅದರ ವಾದ. ಜೊತೆಯಲ್ಲೇ ಜಾಹೀರಾತು ಆದಾಯ ಕುಸಿದ ಅಳಲು. ಈ ಜೋಡಣೆಯಲ್ಲೇ ನನ್ನ ತಕರಾರಿದೆ. ಕ್ಯಾಮೆರಾ ಹೊತ್ತು ಆಸ್ಪತ್ರೆ ಬಾಗಿಲಲ್ಲಿ ನಿಂತವರ ಅಪಾಯವನ್ನು ಮಾಲೀಕರ ವರಮಾನಕ್ಕೆ ಗುರಾಣಿಯಾಗಿ ಹಿಡಿಯಲಾಯಿತು. ಸುದ್ದಿಮನೆಗಳಲ್ಲಿ ಸಂಬಳ ಕಡಿತವಾಗಿ, ಕೆಲಸ ಹೋಗಿ, ಆ ಧೈರ್ಯ ನಿಜವಾಗಿ ಕುಂದಿದ್ದೂ ಅದೇ ತಿಂಗಳುಗಳಲ್ಲಿ. ಆದಾಯದ ಚಿಂತೆ ನ್ಯಾಯವಾದದ್ದೇ. ಅದನ್ನು ಅದರ ಹೆಸರಲ್ಲೇ ಹೇಳಬೇಕಿತ್ತು.

ಅದೇ ಏಪ್ರಿಲ್‌ನಲ್ಲಿ ದೆಹಲಿಯ ತಬ್ಲೀಘಿ ಜಮಾತ್ ಧಾರ್ಮಿಕ ಸಭೆಯ ನೆಪದಲ್ಲಿ ಮುಸ್ಲಿಂ ಸಮುದಾಯವನ್ನೇ ರೋಗದ ಮೂಲವಾಗಿ ತೋರಿಸಿದ ಕಾರ್ಯಕ್ರಮಗಳು ಕನ್ನಡದಲ್ಲೂ ಬಂದವು. ದ್ವೇಷ ಭಾಷಣದ ವಿರುದ್ಧ ಕೆಲಸ ಮಾಡುವ ಬೆಂಗಳೂರಿನ ನಾಗರಿಕರ ಗುಂಪೊಂದು ದೂರು ಕೊಟ್ಟಿತು. ಸಂಘವೇ ಸ್ಥಾಪಿಸಿದ ಮಾನದಂಡ ಪ್ರಾಧಿಕಾರದ ಆದೇಶ ಬಂದದ್ದು 2021ರ ಜೂನ್‌ನಲ್ಲಿ: ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50,000 ರೂಪಾಯಿ ದಂಡ, ಟೈಮ್ಸ್ ನೌಗೆ ಖಂಡನೆ.

ಇದನ್ನು ಸ್ವನಿಯಂತ್ರಣದ ಗೆಲುವೆನ್ನುವ ವಿಮರ್ಶಕರ ಜೊತೆ ನನಗೆ ಜಗಳವಿದೆ. ಅವರು ಆದೇಶದ ತರ್ಕ ನೋಡುತ್ತಾರೆ, ತಾರೀಖು ನೋಡುವುದಿಲ್ಲ. ಇತ್ತೀಚಿನ ಮಾಧ್ಯಮ ವಿಮರ್ಶೆಯ ದೊಡ್ಡ ಪಾಲು ನಿರೂಪಕರ ಕಿರುಚಾಟದ ಮೇಲೇ ಖರ್ಚಾಗಿದೆ. ಅವರ ಬೆನ್ನಿಗಿರುವ ಸಂಘಗಳ ಹೇಳಿಕೆಗಳನ್ನು ಸಾಲು ಸಾಲಾಗಿ ಓದಿದವರು ಕಡಿಮೆ. ಪ್ರಾಧಿಕಾರದ ನಿಯಮಾವಳಿಯಲ್ಲಿ ಆಗ 1 ಲಕ್ಷ ರೂಪಾಯಿಯೇ ಗರಿಷ್ಠ ದಂಡವಾಗಿತ್ತು. ಅದು ಪರಿಣಾಮಕಾರಿಯಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ದಂಡದ ಮೊತ್ತಕ್ಕಿಂತ ನನ್ನನ್ನು ಕಾಡುವುದು ಭಾಷೆ. ತಪ್ಪು ನಡೆದದ್ದು ಕನ್ನಡದಲ್ಲಿ. ಅದು ಯಾಕೆ ತಪ್ಪೆಂದು ವಿವರಿಸುವ ಆದೇಶ ಸಂಘದ ಜಾಲತಾಣದಲ್ಲಿ ಸಿಗುವುದು ಇಂಗ್ಲಿಷಿನಲ್ಲಿ. ಆ ವಿವರಣೆ ಕನ್ನಡದಲ್ಲಿ, ಅದೇ ಚಾನೆಲ್‌ಗಳ ಯೂಟ್ಯೂಬ್ ಪುಟಗಳಲ್ಲಿ, 2020ರ ಏಪ್ರಿಲ್‌ನಲ್ಲೇ ಬರಬೇಕಿತ್ತು. ಒಂದೇ ದಿನದಲ್ಲಿ ಹೇಳಿಕೆ ಕೊಡುವ ಶಕ್ತಿ ಸಂಘಕ್ಕಿತ್ತು.