ಒಂದು ಕಟ್ಟು ಸೊಪ್ಪು: ಯಾವ ಸೊಪ್ಪು?
(ನಮ್ಮ ಅಡಿಗೆ ಬರಹಗಳ ಒಂದು ವಿಮರ್ಶೆ)

ಕಥೆ, ಕವನ, ಕಾದಂಬರಿಗಳ ವಿಮರ್ಶೆ ನಮ್ಮ ಪತ್ರಿಕೆಗಳಲ್ಲಿ ಧಾರಾಳವಾಗಿ ಬರುತ್ತದೆ. ನಾಟಕಕ್ಕೂ ಸಂಗೀತ ಕಚೇರಿಗೂ ವಿಮರ್ಶಕರುಂಟು. ಆದರೆ ಮತ್ತೆ ಮತ್ತೆ ತೆರೆದು ಓದಿಸಿಕೊಳ್ಳುವ, ಕತ್ತರಿಸಿ ಡಬ್ಬಿಯಲ್ಲಿ ಇಡಿಸಿಕೊಳ್ಳುವ, ಅರಿಸಿನದ ಬೆರಳಿನ ಗುರುತು ಹೊತ್ತು ವರ್ಷಗಟ್ಟಲೆ ಬಾಳುವ ಅಡಿಗೆ ಬರಹವನ್ನು ಮಾತ್ರ ವಿಮರ್ಶೆಗೆ ತಕ್ಕ ವಸ್ತುವೆಂದು ಯಾರೂ ಎಣಿಸಿದಂತಿಲ್ಲ. ಆ ಕೊರತೆಯನ್ನು ನೀಗುವ ಯೋಗ್ಯತೆ ನಮಗಿದೆಯೆಂದು ಹೇಳಲಾರೆವು. ಹದಿನೈದು ವರ್ಷಗಳಿಂದ ಹೊರನಾಡಿನಲ್ಲಿ ಈ ಬರಹಗಳನ್ನು ನಂಬಿ ಊಟ ಮಾಡಿದವರೆಂಬ ಒಂದೇ ಅಧಿಕಾರದಿಂದ ಬರೆಯುತ್ತಿದ್ದೇವೆ.

ಸೊಪ್ಪು ಮತ್ತು ಗೆಡ್ಡೆಗಳನ್ನಷ್ಟೇ ಇಲ್ಲಿ ಎತ್ತಿಕೊಂಡಿದ್ದೇವೆ. ಬರಹದ ಗುಣದೋಷ ಅಲ್ಲಿಯೇ ಬೇಗ ಬಯಲಾಗುತ್ತದೆ. ಮೈಸೂರ್ ಪಾಕಿನ ವಿಧಾನದಲ್ಲಿ ತಪ್ಪಿದ್ದರೆ ಪಾಕ ಕಲ್ಲಾಗುತ್ತದೆ, ನಾಲ್ಕು ಜನ ನಗುತ್ತಾರೆ, ಅಷ್ಟೆ. ಕೆಸುವಿನ ವಿಧಾನದಲ್ಲಿ ತಪ್ಪಿದ್ದರೆ ಗಂಟಲು ಹಿಡಿಯುತ್ತದೆ.

ಇದು ಅಲಂಕಾರಕ್ಕೆ ಆಡಿದ ಮಾತಲ್ಲ. ಕೆಲವು ವರ್ಷಗಳ ಹಿಂದೆ, ಮಳೆಗಾಲದಲ್ಲಿ, ಮುಂಬಯಿಯ ಮಾರುಕಟ್ಟೆಯಲ್ಲಿ ಎಳೆಯ ಕೆಸುವಿನೆಲೆ ಕಂಡು ಆಸೆಯಿಂದ ತಂದೆವು. ಪತ್ರಿಕೆಯೊಂದರ ಅಡಿಗೆ ಪುಟದಲ್ಲಿ ಬಂದಿದ್ದ ವಿಧಾನವನ್ನು ನಮ್ಮ ಮನೆಯಾಕೆ ಅಕ್ಷರಶಃ ಪಾಲಿಸಿದಳು. ಎಲೆ, ಹಸಿಮೆಣಸಿನಕಾಯಿ, ತೆಂಗಿನ ತುರಿ, ಉಪ್ಪು, ಒಗ್ಗರಣೆ. ‘ಐದು ನಿಮಿಷ ಬೇಯಿಸಿ ಇಳಿಸಿ’. ಎರಡು ತುತ್ತಿಗೆ ಮಕ್ಕಳು ಬಾಯಿ ತೆರೆದುಕೊಂಡು ಅಳತೊಡಗಿದರು. ಬೆಲ್ಲ, ಮೊಸರು ತಿನ್ನಿಸಿ ಸಮಾಧಾನಪಡಿಸಿದ ಮೇಲೆ ಊರಿಗೆ ಫೋನು ಮಾಡಿ ನಮ್ಮ ತಾಯಿಯನ್ನು ಕೇಳಿದೆವು. “ಹುಣಸೆಹುಳಿ ಹಾಕಲಿಲ್ಲವೇನೋ?” ಎಂದರು. ವಿಧಾನದಲ್ಲಿ ಬರೆದಿರಲಿಲ್ಲ ಎಂದೆವು. “ಕೆಸುವಿಗೆ ಹುಳಿ ಹಾಕಬೇಕು ಅಂತ ಬರೆದು ಬೇರೆ ಹೇಳಬೇಕೇನೋ ಮಗಾ!” ಎಂದು ನಕ್ಕರು.

ನಮ್ಮ ವಿಮರ್ಶೆಯೆಲ್ಲ ಆ ಒಂದು ಮಾತಿನೊಳಗಿದೆ. ಆ ವಿಧಾನವನ್ನು ಬರೆದವರು ಸುಳ್ಳು ಬರೆದಿರಲಿಲ್ಲ. ತಮಗೆ ತಿಳಿದದ್ದು ಎಲ್ಲರಿಗೂ ತಿಳಿದಿದೆಯೆಂದುಕೊಂಡು ಬಿಟ್ಟಿದ್ದರು. ಹಿತ್ತಲಲ್ಲಿ ತಾಯಿಯ ಹಿಂದೆ ನಡೆದು ಸೊಪ್ಪು ಕಿತ್ತವರಿಗೆ ಆ ಬರಹ ಸಾಕು; ಅವರಿಗೆ ಅದು ಬರಿಯ ನೆನಪೋಲೆ. ಮೂರನೆಯ ಮಹಡಿಯ ಮನೆಯಲ್ಲಿ ಹುಟ್ಟಿ ಬೆಳೆದ ನಮ್ಮ ಮಗಳಿಗೆ ಹಿತ್ತಲಿಲ್ಲ, ಪುಟ ಮಾತ್ರ ಇದೆ. ಪುಟದಲ್ಲಿ ಬಿಟ್ಟುಹೋದದ್ದು ಅವಳ ಪಾಲಿಗೆ ಇಲ್ಲವೇ ಇಲ್ಲ.

ಕೆಸು, ಸುವರ್ಣಗೆಡ್ಡೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಅವು ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಬರಿದೆ ತೊಳೆದು ಐದು ನಿಮಿಷ ಬೇಯಿಸಿದರೆ ತುರಿಕೆ ಹೋಗದು. ಚೆನ್ನಾಗಿ ಬೇಯಬೇಕು, ಹುಳಿಯೂ ಬೀಳಬೇಕು. ಕರಾವಳಿಯ ಪತ್ರೊಡೆಯ ಹಿಟ್ಟಿನಲ್ಲಿ ಹುಣಸೆಹಣ್ಣು ಯಾಕಿದೆ, ಆಮೇಲೆ ಅಷ್ಟು ಹೊತ್ತು ಹಬೆಯಲ್ಲಿ ಯಾಕೆ ಇಡುತ್ತಾರೆ ಎಂಬುದಕ್ಕೆ ರುಚಿಯೊಂದೇ ಉತ್ತರವಲ್ಲ. ಕಾರಣವನ್ನು ಒಂದೇ ಸಾಲಿನಲ್ಲಿ ಹೇಳಿದ್ದರೂ ನಮ್ಮ ಮನೆಯಾಕೆ ಹುಳಿಯನ್ನು ಮರೆಯುತ್ತಿರಲಿಲ್ಲ. ವಿಧಾನ ಹೇಳಿ ಕಾರಣ ಹೇಳದಿರುವುದು ನಮ್ಮ ಅಡಿಗೆ ಬರಹದ ಮೊದಲನೆಯ ದೋಷ.

ಎರಡನೆಯ ದೋಷ ಹೆಸರಿನದು. ‘ಸೊಪ್ಪು – ಒಂದು ಕಟ್ಟು’ ಎಂದು ಬರೆಯುತ್ತಾರೆ. ಯಾವ ಸೊಪ್ಪು, ಎಲ್ಲಿಯ ಕಟ್ಟು? ನಾಲ್ಕು ಬೆರಳಿಗೆ ಸಿಗುವ ಕಟ್ಟೂ ಇದೆ, ತೋಳಿಗೆ ತುಂಬುವ ಕಟ್ಟೂ ಇದೆ. ಹೆಸರು ಕೊಟ್ಟವರೂ ತಮ್ಮ ಸೀಮೆಯ ಹೆಸರನ್ನಷ್ಟೇ ಕೊಡುತ್ತಾರೆ. ಮೈಸೂರು ಕಡೆಯ ದಂಟು ಕರಾವಳಿಗೆ ಹರಿವೆ, ಉತ್ತರ ಕರ್ನಾಟಕಕ್ಕೆ ರಾಜಗಿರಿ. ಅದೇ ಜಾತಿಯ ಸೊಪ್ಪನ್ನು ಮುಂಬಯಿಯಲ್ಲಿ ಮಾಠ ಎಂದೂ ದೆಹಲಿಯಲ್ಲಿ ಚೌಲಾಯಿ ಎಂದೂ ಹೈದರಾಬಾದಿನಲ್ಲಿ ತೋಟಕೂರ ಎಂದೂ ಕೇಳಬೇಕು. ನಮ್ಮ ಪುಂಡಿ ಪುಣೆಯಲ್ಲಿ ಅಂಬಾಡಿ, ಹೈದರಾಬಾದಿನಲ್ಲಿ ಗೋಂಗೂರ. ಸಬ್ಬಸಿಗೆ ಪುಣೆಯಲ್ಲಿ ಶೇಪು, ದೆಹಲಿಯಲ್ಲಿ ಸೋಯಾ. ಬಸಳೆ ಮುಂಬಯಿಯಲ್ಲಿ ಮಾಯಾಳು. ಸುವರ್ಣಗೆಡ್ಡೆ ಮುಂಬಯಿಯಲ್ಲಿ ಸೂರಣ, ದೆಹಲಿಯಲ್ಲಿ ಜಿಮೀಕಂದ್, ಚೆನ್ನೈಯಲ್ಲಿ ಸೇನೈಕಿಳಂಗು.

ಈ ಹೆಸರುಗಳು ತಿಳಿಯದೆ ಎಷ್ಟು ಸಂಸಾರಗಳು ‘ಇಲ್ಲಿ ನಮ್ಮ ಸೊಪ್ಪು ಸಿಗುವುದಿಲ್ಲ’ ಎಂದು ನಿಟ್ಟುಸಿರುಬಿಟ್ಟು ವಾರಕ್ಕೆ ಎರಡು ಸಲ ಪಾಲಕ್ ತಿನ್ನುತ್ತಿವೆಯೋ! ತಳ್ಳುಗಾಡಿಯಲ್ಲಿ ಕಣ್ಣೆದುರಿಗೇ ಪುಂಡಿ ಇರುತ್ತದೆ. ಅದನ್ನು ಕರೆಯಲು ಬಾಯಿಗೆ ಹೆಸರಿಲ್ಲ. ಹೊರನಾಡ ಕನ್ನಡಿಗರಿಗಾಗಿಯೇ ಬರೆದ ವಿಧಾನಗಳಲ್ಲಿ ಸಹ ಈ ಹೆಸರುಪಟ್ಟಿ ಇಲ್ಲದಿರುವುದು ಕ್ಷಮೆಗೆ ಅರ್ಹವಾದ ಲೋಪವಲ್ಲವೆಂದು ನಮ್ಮ ಅಭಿಪ್ರಾಯ.

ಮೂರನೆಯದು, ‘ಕರ್ನಾಟಕದ ಅಡಿಗೆ’ ಎಂಬ ಹೆಸರಿನಲ್ಲಿ ಒಂದೇ ಮನೆಯ ಅಡಿಗೆಯನ್ನು ಬಡಿಸುವುದು. ಸೊಪ್ಪಿನ ಹುಳಿ, ಪಲ್ಯ, ಮತ್ತೆ ಹುಳಿ. ಜೋಳದ ನುಚ್ಚು ಹಾಕಿ ಕುದಿಸುವ ಪುಂಡಿಪಲ್ಯ ಎಲ್ಲಿ? ರೊಟ್ಟಿಯೊಡನೆ ಹಸಿಯಾಗಿಯೇ ತಿನ್ನುವ ಮೆಂತ್ಯ, ಹಕ್ಕರಕಿ ಎಲ್ಲಿ? ಮಲೆನಾಡಿನ ಒಂದೆಲಗದ ತಂಬುಳಿ, ಕರಾವಳಿಯ ಬಸಳೆ, ಕೊಡಗಿನ ಕೆಂಬು ಎಲ್ಲಿ? ಸಾಹಿತ್ಯದಲ್ಲಿ ಪ್ರಾದೇಶಿಕತೆಯ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಾವು ತಟ್ಟೆಯ ವಿಷಯದಲ್ಲಿ ಇಷ್ಟು ಸಂಕುಚಿತರಾಗಬಾರದು.

ಇದು ಇಂದಿನ ರೋಗವಲ್ಲವೇನೋ. ಪಾಕಶಾಸ್ತ್ರವನ್ನು ಕನ್ನಡದಲ್ಲಿ ಬರೆಯುವ ಪರಂಪರೆ ಹಳೆಯದು. 1025ರ ಸುಮಾರಿನ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡಿಗೆಗೆ ಒಂದು ಅಧ್ಯಾಯವುಂಟು. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನೇ ಷಟ್ಪದಿಯಲ್ಲಿ ರಚಿಸಿದ. ಅವನ ಶಾಕಪಾಕದಲ್ಲಿ ಬದನೆ, ಹಲಸು, ಬಾಳೆಗಳಿಗೆ ಸಿಕ್ಕಿದ ಮರ್ಯಾದೆ ದೊಡ್ಡದು. ಅವನು ಜೈನ. ಜೈನರಿಗೆ ನೆಲದೊಳಗಿನ ಗೆಡ್ಡೆ ವರ್ಜ್ಯವಾದ್ದರಿಂದ ಅವನ ಗ್ರಂಥದಲ್ಲಿ ಗೆಡ್ಡೆಗಳನ್ನು ಹುಡುಕುವುದು ನ್ಯಾಯವಲ್ಲ. ಇಂದು ಬರೆಯುವವರಿಗೆ ಅಂಥ ಕಟ್ಟುಪಾಡಿಲ್ಲ. ಆದರೂ ಗೆಡ್ಡೆಯೆಂದರೆ ಆಲೂಗಡ್ಡೆ ಎನ್ನುವಂತೆ ಬರೆಯುತ್ತಾರೆ. ಅದು ದಕ್ಷಿಣ ಅಮೆರಿಕದಿಂದ ಬಂದ ನಂಟ. ಮನೆಮಗಳಾದ ಸುವರ್ಣಗೆಡ್ಡೆ ಮೂಲೆಯಲ್ಲಿ ಕುಳಿತಿದ್ದಾಳೆ.

ಇನ್ನು ವಿಜ್ಞಾನದ ಹೆಸರಿನಲ್ಲಿ ಬರುವ ತಪ್ಪುಗಳು. ಸೊಪ್ಪು ಹಸಿರಾಗಿ ಉಳಿಯಲೆಂದು ‘ಚಿಟಿಕೆ ಸೋಡ’ ಹಾಕಿಸುವವರಿದ್ದಾರೆ. ಹಸಿರು ಉಳಿಯುತ್ತದೆ ನಿಜ. ಆದರೆ ಕ್ಷಾರದಲ್ಲಿ ಬಿ-1 ಮತ್ತು ಸಿ ಜೀವಸತ್ವಗಳು ಹಾಳಾಗುತ್ತವೆ, ಸೊಪ್ಪು ಲೋಳೆಯಾಗುತ್ತದೆ. ಹುಳಿ ಬಿದ್ದೊಡನೆ ಪತ್ರಹರಿತ್ತಿನೊಳಗಿನ ಮೆಗ್ನೀಸಿಯಂ ಕಳಚಿಕೊಂಡು ಬಣ್ಣ ಕಂದುತ್ತದೆ. ಆದ್ದರಿಂದ ಮಿಕ್ಕ ಸೊಪ್ಪುಗಳಿಗೆ ಹುಳಿಯನ್ನು ಕೊನೆಯಲ್ಲಿ ಹಾಕಿ, ಮೊದಲ ಕೆಲವು ನಿಮಿಷ ಮುಚ್ಚಳ ತೆರೆದಿಟ್ಟರೆ ಸಾಕು, ಸೋಡ ಬೇಡ. ಕೆಸುವಿಗೆ ಮಾತ್ರ ಬಣ್ಣಕ್ಕಿಂತ ಗಂಟಲು ಮುಖ್ಯ.

ಕಬ್ಬಿಣದ ಪ್ರಶಂಸೆಯೂ ಅತಿಯಾಗಿದೆ. ಆಹಾರ ಸತ್ವಗಳ ಹಳೆಯ ಪಟ್ಟಿಯಲ್ಲಿ 100 ಗ್ರಾಂ ದಂಟಿನ ಸೊಪ್ಪಿಗೆ 25 ಮಿಲಿಗ್ರಾಂ ಕಬ್ಬಿಣವೆಂದಿತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯ 2017ರ ಪಟ್ಟಿಯಲ್ಲಿ ಅದು 5 ಮಿಲಿಗ್ರಾಮಿಗೂ ಕಡಿಮೆ. ನಮ್ಮ ಅಡಿಗೆ ಪುಟಗಳು ಇನ್ನೂ ಹಳೆಯ ಲೆಕ್ಕವನ್ನೇ ಹಾಡುತ್ತಿವೆ. ಸೊಪ್ಪಿನ ಹಿರಿಮೆಗೆ ಉತ್ಪ್ರೇಕ್ಷೆ ಬೇಕಿಲ್ಲ. ಫೋಲಿಕ್ ಆಮ್ಲವನ್ನು 1941ರಲ್ಲಿ ಬೇರ್ಪಡಿಸಿದ್ದು ಪಾಲಕ್ ಜಾತಿಯ ಎಲೆಯಿಂದಲೇ; ಅದರ ಹೆಸರಿಗೂ ಲ್ಯಾಟಿನ್ ಭಾಷೆಯ ‘ಎಲೆ’ಯೇ ಮೂಲ.

ಆ ಆಮ್ಲ ನೀರಿನಲ್ಲಿ ಕರಗುವಂಥದು. ಹಾಗಿರುವಾಗ ‘ಸೊಪ್ಪು ಬೇಯಿಸಿ ನೀರು ಚೆಲ್ಲಿ’ ಎಂದು ಅಚ್ಚುಹಾಕಿಸುವವರಿಗೆ ಏನು ಹೇಳೋಣ? ಮೂತ್ರಪಿಂಡದ ಕಲ್ಲಿನ ತೊಂದರೆಯಿರುವವರು ವೈದ್ಯರ ಮಾತಿನಂತೆ ಚೆಲ್ಲಲಿ. ಉಳಿದವರಿಗೆ ನಮ್ಮ ಬಸ್ಸಾರು ಇದೆಯಲ್ಲ! ಕಾಳಿನೊಡನೆ ಸೊಪ್ಪು ಬೇಯಿಸಿ, ಬಸಿದ ಕಟ್ಟಿಗೆ ಖಾರ ಅರೆದು ಹಾಕಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆ, ಎರಡು ವ್ಯಂಜನ, ಚೆಲ್ಲಿದ್ದು ಏನೂ ಇಲ್ಲ. ಮುದ್ದೆಯೊಡನೆ ಇದನ್ನು ಉಂಡ ರೈತಾಪಿ ಹೆಂಗಸರು ಯಾವ ಪಟ್ಟಿಯನ್ನೂ ನೋಡಿದವರಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ಇಂಥದನ್ನು ಬರೆದಿಡಲು ನಾವು ನಾಚುತ್ತೇವೆ.

ದೋಷ ಮಾತ್ರ ಹೇಳಿದರೆ ವಿಮರ್ಶೆಯಾಗದು. ನಮ್ಮ ಹಳೆಯ ಅಡಿಗೆ ಮಾತಿನಲ್ಲಿ ಒಂದು ದೊಡ್ಡ ಗುಣವಿದೆ, ಅದನ್ನು ಈಗಿನವರು ಕಳೆದುಕೊಳ್ಳುತ್ತಿದ್ದಾರೆ. ‘ಹಸಿವಾಸನೆ ಹೋಗುವವರೆಗೆ’, ‘ದಂಟು ಉಗುರಿಗೆ ಮುರಿಯುವಂತಿರಬೇಕು’, ‘ಗೆಡ್ಡೆಗೆ ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯಬೇಕು’: ಇವು ಅಂದಾಜಿನ ಮಾತುಗಳಲ್ಲ, ಪರೀಕ್ಷೆಗಳು. ದೆಹಲಿಯ ಚಳಿಗಾಲದ ಎಳೆಯ ಮೂಲಂಗಿಗೂ ಬೇಸಗೆಯ ನಾರುಮೂಲಂಗಿಗೂ ‘ಹತ್ತು ನಿಮಿಷ’ ಎಂದರೆ ಒಂದು ಹುಸಿಯಾಗಲೇಬೇಕು. ಕಡ್ಡಿ ಹುಸಿಯಾಡುವುದಿಲ್ಲ. ನಿಮಿಷ, ಗ್ರಾಂಗಳನ್ನು ಬರೆಯಲಿ, ಬೇಡವೆನ್ನುವುದಿಲ್ಲ. ಹದದ ಮಾತನ್ನು ತೆಗೆದುಹಾಕಿ ಆ ಜಾಗದಲ್ಲಿ ಅವನ್ನು ಕೂರಿಸಬಾರದು.

ಒಟ್ಟಿನಲ್ಲಿ ನಮಗೆ ಬೇಕಾದ ಅಡಿಗೆ ಬರಹಕ್ಕೆ ನಾಲ್ಕು ಲಕ್ಷಣಗಳಿರಬೇಕು: ಸೊಪ್ಪಿಗೆ ಊರೂರಿನ ಹೆಸರು, ಕ್ರಮಕ್ಕೆ ಕಾರಣ, ಬೆಂದದ್ದಕ್ಕೆ ಹದ, ಮತ್ತು ಇದು ಯಾವ ಸೀಮೆಯ ಯಾರ ಮನೆಯ ಅಡಿಗೆಯೆಂಬ ಪ್ರಾಮಾಣಿಕವಾದ ಒಂದು ಸಾಲು. ಇದಕ್ಕೆ ಪಂಡಿತರು ಬೇಕಿಲ್ಲ. ರಜೆಗೆ ಊರಿಗೆ ಹೋದಾಗ ತಾಯಂದಿರ, ಅತ್ತೆಯಂದಿರ ಪಕ್ಕದಲ್ಲಿ ಕುಳಿತು, ಅವರು ‘ಇದನ್ನೂ ಬರೆಯಬೇಕೇ?’ ಎಂದು ನಗುವ ಮಾತನ್ನೇ ಮೊದಲು ಬರೆದುಕೊಳ್ಳೋಣ. ನಮ್ಮ ತಾಯಿ ಅಂದು ನಕ್ಕ ಮಾತನ್ನು ನಾವು ಆ ಪುಟದ ಅಂಚಿನಲ್ಲಿ ಬರೆದಿಟ್ಟಿದ್ದೇವೆ. ಕಳೆದ ಮಳೆಗಾಲದಲ್ಲಿ ಮಗಳು ಅದೇ ಪುಟ ನೋಡಿಕೊಂಡು ಕೆಸುವಿನ ಪಲ್ಯ ಮಾಡಿದಳು. ಯಾರ ಗಂಟಲೂ ಹಿಡಿಯಲಿಲ್ಲ.